ಹೃದಯದಲ್ಲೊಂದು ಕಳ್ಳದಾರಿ

ಹೃದಯದ ಪ್ರತಿಯೊಂದು ಬಡಿತಕ್ಕೂ ಮುಂಚೆ ಅದರಲ್ಲಿ ಒಂದು ವಿದ್ಯುತ್ ಸ್ಪಂದನವು ಸಂಚರಿಸುತ್ತದೆ. ಇದನ್ನು ಗೆರೆಯಾಗಿ ದಾಖಲಿಸುವ ಸೂಕ್ಷ್ಮ ಸಾಧನವನ್ನು ನಿರ್ಮಿಸಿದ ಹಾಲೆಂಡಿನ ಐಂಥೋವನ್ನನಿಗೆ 1924ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆ ಗೆರೆಯೇ ವಿದ್ಯುತ್ ಹೃಲ್ಲೇಖ, ಅಂದರೆ ಇ.ಸಿ.ಜಿ.

ಸಾಮಾನ್ಯವಾಗಿ ಕಾಗದವು ಸೆಕೆಂಡಿಗೆ 25 ಮಿಲಿಮೀಟರಿನಂತೆ ಸರಿಯುತ್ತದೆ. ಆದುದರಿಂದ ಒಂದು ಮಿಲಿಮೀಟರಿನ ಸಣ್ಣ ಚೌಕವೆಂದರೆ 0.04 ಸೆಕೆಂಡು. ಮೊದಲು ಕಾಣುವ ಪುಟ್ಟ ಉಬ್ಬು, ‘ಪಿ’ ತರಂಗ, ಮೇಲಿನ ಕೋಣೆಗಳಾದ ಹೃತ್ಕರ್ಣಗಳದು. ಅನಂತರದ ಎತ್ತರವಾದ ‘ಕ್ಯೂಆರ್‌ಎಸ್’ ಶಿಖರವು ಕೆಳಗಿನ ಹೃತ್ಕುಕ್ಷಿಗಳದು. ಪಿ ತರಂಗದ ಆರಂಭದಿಂದ ಶಿಖರದ ಆರಂಭದವರೆಗೆ ಪ್ರಾಯದವರಲ್ಲಿ ಮೂರರಿಂದ ಐದು ಚೌಕಗಳ ಅಂತರವಿರುವುದು ವಾಡಿಕೆ.

ಈ ಅಂತರವೇಕೆ? ಎರಡು ಕೋಣೆಗಳ ನಡುವೆ ಏ.ವಿ. ಗಂಟು ಎಂಬುದೊಂದಿದೆ. ಸುಂಕದ ಕಟ್ಟೆಯಂತೆ ಅದು ಸ್ಪಂದನವನ್ನು ಸುಮಾರು 0.1 ಸೆಕೆಂಡು ತಡೆದು ಬಿಡುತ್ತದೆ; ಅಷ್ಟರಲ್ಲಿ ಹೃತ್ಕುಕ್ಷಿಗಳು ರಕ್ತದಿಂದ ತುಂಬಿಕೊಳ್ಳುತ್ತವೆ.

ಬಾಸ್ಟನ್ನಿನ ವುಲ್ಫ್ ಮತ್ತು ವೈಟ್, ಲಂಡನ್ನಿನ ಪಾರ್ಕಿನ್ಸನ್, ಈ ಮೂವರು ವೈದ್ಯರು 1930ರಲ್ಲಿ ಹನ್ನೊಂದು ಜನರ ವಿಚಿತ್ರ ಹೃಲ್ಲೇಖಗಳನ್ನು ವರ್ಣಿಸಿದರು. ಅವರಲ್ಲಿ ಹೆಚ್ಚಿನವರು ಆರೋಗ್ಯವಂತರಾದ ತರುಣರು. ಆದರೂ ಆಗಾಗ ಅವರ ಹೃದಯವು ಇದ್ದಕ್ಕಿದ್ದಂತೆ ನಾಗಾಲೋಟಕ್ಕೆ ತೊಡಗುತ್ತಿತ್ತು. ಲೇಖದಲ್ಲಿ ಅಂತರವು ಮೂರು ಚೌಕಗಳಿಗಿಂತ ಕಡಿಮೆ, ಶಿಖರವು ಅಗಲ.

ಇದಕ್ಕೆ ಕಾರಣ, ಕಟ್ಟೆಯನ್ನು ಬಳಸಿಹೋಗುವ ಒಂದು ಕಳ್ಳದಾರಿ: ಹುಟ್ಟಿನಿಂದಲೇ ಉಳಿದುಬಂದ ಸ್ನಾಯುವಿನ ಒಂದು ಎಳೆ. ಈ ದಾರಿಯಲ್ಲಿ ಬಂದ ಸ್ಪಂದನವು ಹೃತ್ಕುಕ್ಷಿಯನ್ನು ಬೇಗನೆ ತಲುಪಿದರೂ, ಅಲ್ಲಿ ಸಾಧಾರಣ ಸ್ನಾಯುವಿನ ಮೂಲಕ ನಿಧಾನವಾಗಿ ಹರಡಬೇಕು. ಆದುದರಿಂದ ಶಿಖರದ ಬುಡದಲ್ಲಿ ಗೆರೆಯು ಓರೆಯಾಗಿ ಏರುತ್ತದೆ. ಅಷ್ಟರಲ್ಲಿ ಗಂಟನ್ನು ದಾಟಿದ ಸ್ಪಂದನವು ವೇಗವಾಹಕ ತಂತುಗಳಲ್ಲಿ ಬಂದು ಕೂಡಿಕೊಳ್ಳಲು, ಗೆರೆಯು ನೆಟ್ಟಗಾಗುತ್ತದೆ. ಬುಡದ ಆ ಓರೆಯೇ ‘ಡೆಲ್ಟಾ ತರಂಗ’. ಕೆಲವರಲ್ಲಿ ಇದು ತೀರ ಮಸುಕು, ಕೆಲವರಲ್ಲಿ ಬಂದುಹೋಗುವಂತಹುದು.

ಇಲ್ಲೊಂದು ಸ್ವಾರಸ್ಯವಿದೆ. ಸ್ಪಂದನವು ಗಂಟಿನಲ್ಲಿ ಇಳಿದು, ಕಳ್ಳದಾರಿಯಲ್ಲಿ ಮೇಲೇರಿ ಸುತ್ತತೊಡಗಿದಾಗ ನಾಗಾಲೋಟವುಂಟಾಗುತ್ತದೆ. ಆಗ ಡೆಲ್ಟಾ ಕಾಣದು! ಶಾಂತವಾಗಿರುವಾಗ ತೆಗೆದ ಲೇಖದಲ್ಲಿಯೇ ಅದನ್ನು ಹುಡುಕಬೇಕು.

ಹುಡುಕುವ ಶ್ರಮವು ವ್ಯರ್ಥವಲ್ಲ. ಹೃತ್ಕರ್ಣಗಳು ಅಡ್ಡಾದಿಡ್ಡಿಯಾಗಿ ಅದುರುವ ರೋಗವು ಬಂದರೆ, ಗಂಟು ಬಹುಪಾಲು ಸ್ಪಂದನಗಳನ್ನು ತಡೆಯುತ್ತದೆ. ಕಳ್ಳದಾರಿಗೆ ಆ ಸಂಯಮವಿಲ್ಲದಿರಬಹುದು. ಆಗ ಹೃತ್ಕುಕ್ಷಿಗಳೂ ಅದುರತೊಡಗಿ, ವಿರಳವಾಗಿಯಾದರೂ, ಮರಣವು ಸಂಭವಿಸುತ್ತದೆ. ಇಂತಹ ಸಮಯದಲ್ಲಿ ಗಂಟನ್ನು ಮಾತ್ರ ನಿಧಾನಗೊಳಿಸುವ ವೆರಪಮಿಲ್‌ನಂತಹ ಔಷಧಿಯನ್ನು ಕೊಟ್ಟರೆ ಅಪಾಯವು ಹೆಚ್ಚುತ್ತದೆ. ಅಂದಮೇಲೆ ಕಳ್ಳದಾರಿಯಿದೆಯೆಂದು ವೈದ್ಯರು ಮೊದಲೇ ಅರಿತಿರುವುದು ಎಷ್ಟು ಅವಶ್ಯಕ!

ಪರಿಹಾರವೂ ಉಂಟು. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಸೀಲಿ ಅವರು ಇಂತಹ ಎಳೆಯೊಂದನ್ನು ಕತ್ತರಿಸಿ ರೋಗಿಯನ್ನು ಗುಣಪಡಿಸಿದರು. ಈಗ ಎದೆಯನ್ನು ತೆರೆಯಬೇಕಾಗಿಲ್ಲ. ರಕ್ತನಾಳದ ಮೂಲಕ ತೆಳುವಾದ ತಂತಿನಳಿಗೆಯನ್ನು ತೂರಿಸಿ, ರೇಡಿಯೋ ಆವೃತ್ತಿಯ ವಿದ್ಯುತ್ತಿನ ಶಾಖದಿಂದ ಆ ಎಳೆಯನ್ನು ಸುಡುತ್ತಾರೆ.

ಹೃಲ್ಲೇಖದ ನಿರ್ಣಯವು ವೈದ್ಯರದೇ. ಆದರೆ ಹೃದಯವು ಕಾರಣವಿಲ್ಲದೆ ಒಮ್ಮೆಲೇ ಓಡತೊಡಗಿ ಒಮ್ಮೆಲೇ ನಿಂತರೆ, ಆಟದ ನಡುವೆ ಪ್ರಜ್ಞೆ ತಪ್ಪಿದರೆ, ಅದನ್ನು ಹೆದರಿಕೆಯೆಂದೋ ನಿತ್ರಾಣವೆಂದೋ ವಿದ್ಯಾರ್ಥಿಗಳು ಮುಚ್ಚಿಡಬಾರದು. ಗೆರೆಯ ಬುಡದಲ್ಲಿನ ಒಂದು ಸಣ್ಣ ಓರೆಯನ್ನು ಗುರುತಿಸುವುದರಿಂದ ಒಂದು ಜೀವವೇ ಉಳಿಯಬಹುದು.