ಕರುಳಿನ ಗುಟ್ಟು ಕದ್ದು ಕೇಳುವ ಕ್ರಿಮಿಗಳು

ಮಾನಸಿಕ ಒತ್ತಡದಲ್ಲಿರುವವರಿಗೆ ಸೋಂಕು ಬೇಗ ತಗಲುತ್ತದೆ ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಕಾರಣವೂ ಸಿದ್ಧವಿತ್ತು: ಒತ್ತಡದ ಹಾರ್ಮೋನುಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ, ಕ್ರಿಮಿಗಳು ಸಂದು ನೋಡಿ ನುಗ್ಗುತ್ತವೆ. ಈ ಕಥೆಯಲ್ಲಿ ಕ್ರಿಮಿಗೆ ಸ್ವಂತ ಬುದ್ಧಿಯೇನೂ ಬೇಕಿರಲಿಲ್ಲ.

1992ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಕ್ ಲೈಟ್ ತಮ್ಮ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಪ್ರಯೋಗ ಆ ಕಥೆಯನ್ನು ಅಲ್ಲಾಡಿಸಿತು. ಪೋಷಕಾಂಶ ಕಡಿಮೆಯಿದ್ದ, ಸೀರಮ್ ಬೆರೆಸಿದ ದ್ರವದಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳನ್ನು ಬಿಟ್ಟು, ಒತ್ತಡದಲ್ಲಿ ನರಗಳು ಸ್ರವಿಸುವ ನಾರ್‌ಅಡ್ರಿನಲಿನ್ ಸೇರಿಸಿದರು. ಅವು ಭರದಿಂದ ಬೆಳೆದವು. ಕುಗ್ಗಿಸಲು ಅಲ್ಲಿ ಪ್ರಾಣಿಯೂ ಇರಲಿಲ್ಲ, ರಕ್ಷಣಾ ಕೋಶಗಳೂ ಇರಲಿಲ್ಲ. ಗುಟ್ಟಿನ ಒಂದು ಭಾಗ ಕಬ್ಬಿಣದಲ್ಲಿತ್ತು. ನಮ್ಮ ರಕ್ತದ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟು ಕ್ರಿಮಿಗಳನ್ನು ಉಪವಾಸ ಕೆಡವುತ್ತದೆ. ನಾರ್‌ಅಡ್ರಿನಲಿನ್ ಆ ಹಿಡಿತವನ್ನು ಸಡಿಲಿಸುತ್ತದೆ.

ಇದು ಬರೀ ಊಟದ ವಿಷಯವಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಇ. ಕೋಲಿ ಒ157 ಎಂಬ ಮಾರಕ ತಳಿಯನ್ನು ನೋಡಿ. 1982ರಲ್ಲಿ ಅಮೆರಿಕದಲ್ಲಿ ಹ್ಯಾಂಬರ್ಗರ್ ತಿಂದವರಲ್ಲಿ ರಕ್ತಭೇದಿ ಕಾಣಿಸಿಕೊಂಡಾಗ ಇದು ಮೊದಲು ಪತ್ತೆಯಾಯಿತು. ನೂರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾಗಳು ಹೊಟ್ಟೆ ಸೇರಿದರೂ ರೋಗ ಬರಬಹುದು. ದೊಡ್ಡ ಕರುಳಿನ ಗೋಡೆ ತಲುಪಿದ ಮೇಲೆ ಅದು ಸೂಜಿಯಂಥ ಸಾಧನ ಕಟ್ಟಿ ನಮ್ಮ ಕೋಶದೊಳಗೆ ತನ್ನ ಪ್ರೋಟೀನುಗಳನ್ನು ಚುಚ್ಚುತ್ತದೆ. ಕೋಶವು ತನ್ನದೇ ಆಕ್ಟಿನ್ ಎಳೆಗಳಿಂದ ಆ ಕ್ರಿಮಿಗೆ ಪೀಠವೊಂದನ್ನು ಎತ್ತಿ ಕೊಡುತ್ತದೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಗದ್ದುಗೆಯ ಮೇಲೆ ಕುಳಿತ ಪಾಳೇಗಾರನ ಹಾಗೆ ಕಾಣುತ್ತದೆ. ಇಷ್ಟೆಲ್ಲ ಸಾಮಾನನ್ನು ಕಟ್ಟಲು ಬಹಳ ಶಕ್ತಿ ಬೇಕು. ಜಾಗ ತಪ್ಪಿದರೆ ಎಲ್ಲವೂ ದಂಡ. ಸರಿಯಾದ ಜಾಗಕ್ಕೆ ಬಂದಿದ್ದೇನೆಂದು ಅದಕ್ಕೆ ತಿಳಿಯುವುದು ಹೇಗೆ?

ಡಲ್ಲಾಸ್‌ನಲ್ಲಿ ವನೆಸಾ ಸ್ಪೆರಾಂಡಿಯೊ ಅವರ ತಂಡ ಹಿಡಿದ ಉತ್ತರ ಸೊಗಸಾಗಿದೆ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕ್ಯೂಎಸ್‌ಇಸಿ ಎಂಬ ಗ್ರಾಹಕವಿದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ಅದು ಗುರುತಿಸಿ, ಈಜುವ ಮತ್ತು ದಾಳಿ ಮಾಡುವ ಜೀನುಗಳಿಗೆ ಚಾಲನೆ ಕೊಡುತ್ತದೆ ಎಂದು ಅವರು 2006ರಲ್ಲಿ ವರದಿ ಮಾಡಿದರು. ನಮ್ಮ ನರಗಳು ಕರುಳಿಗೆ ಕಳಿಸಿದ ಸಂದೇಶವನ್ನು ಕ್ರಿಮಿ ಕದ್ದು ಕೇಳುತ್ತಿದೆ ಎಂದಾಯಿತು.

ಅದೇ ತಂಡ 2020ರಲ್ಲಿ ತದ್ವಿರುದ್ಧವಾದ ಸುದ್ದಿ ಕೊಟ್ಟಿತು. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಈ ಸೆರೊಟೋನಿನ್ ಬೇರೊಂದು ಗ್ರಾಹಕದ ಮೂಲಕ ದಾಳಿಯ ಜೀನುಗಳ ಸದ್ದಡಗಿಸುತ್ತದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್‌ನಿಂದ ಇಲಿಗಳ ಕರುಳಿನ ಸೆರೊಟೋನಿನ್ ಹೆಚ್ಚಿಸಿದಾಗ ಸೋಂಕು ತಗ್ಗಿತು. ಹಾಗೆಂದು ಭೇದಿಯಾದವರು ಆ ಮಾತ್ರೆಗೆ ಕೈಹಾಕಬೇಡಿ! ಅದು ಇಲಿ, ಅಲ್ಲಿದ್ದದ್ದೂ ಸಿಟ್ರೊಬ್ಯಾಕ್ಟರ್ ಎಂಬ ಇಲಿಯ ಬ್ಯಾಕ್ಟೀರಿಯಾ.

ನರಗಳು ಬರೀ ಗುಟ್ಟು ಬಿಟ್ಟುಕೊಡುತ್ತವೆ ಎಂದುಕೊಂಡರೆ ಅನ್ಯಾಯವಾದೀತು. ಹಾರ್ವರ್ಡ್‌ನ ಐಸಾಕ್ ಚಿಯು ಅವರ ತಂಡ ಅದೇ ವರ್ಷ ಇಲಿಗಳಲ್ಲಿ ಕಂಡಂತೆ, ನೋವು ಗ್ರಹಿಸುವ ನರಗಳು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳನುಸುಳಲು ಬಳಸುವ, ಕರುಳಿನ ಗೋಡೆಯ ಎಂ ಕೋಶಗಳ ಸಂಖ್ಯೆಯನ್ನೇ ಇಳಿಸುತ್ತವೆ.

ಕ್ರಿಮಿಯನ್ನು ಕೊಲ್ಲದೆ ಕಿವುಡಾಗಿಸಬಹುದೇ? ಒ157ರ ಮಟ್ಟಿಗೆ ಇದು ಕುತೂಹಲದ ಪ್ರಶ್ನೆ ಮಾತ್ರವಲ್ಲ. ಕೆಲವು ಆ್ಯಂಟಿಬಯೋಟಿಕ್‌ಗಳ ಹೊಡೆತಕ್ಕೆ ಸಿಕ್ಕ ಈ ಕ್ರಿಮಿ ಇನ್ನಷ್ಟು ಶೀಗಾ ವಿಷ ಕಾರಬಹುದು, ಅದು ಮೂತ್ರಪಿಂಡಕ್ಕೆ ಕುತ್ತು. ಕ್ಯೂಎಸ್‌ಇಸಿಯನ್ನು ತಡೆಯುವ ಎಲ್‌ಇಡಿ209 ಎಂಬ ರಾಸಾಯನಿಕವನ್ನು 2008ರಲ್ಲಿ ಸ್ಪೆರಾಂಡಿಯೊ ತಂಡ ಪರಿಚಯಿಸಿತು. ಅದು ಬ್ಯಾಕ್ಟೀರಿಯಾದ ಬೆಳವಣಿಗೆಗೆ ಅಡ್ಡಿ ಮಾಡದೆ, ಇಲಿಗಳಲ್ಲಿ ಸಾಲ್ಮೊನೆಲ್ಲಾದ ಉಪಟಳವನ್ನು ತಗ್ಗಿಸಿತು. ಆಸ್ಪತ್ರೆಗಳಲ್ಲಿ ಮಾತ್ರ ಒ157 ತಗಲಿದವರಿಗೆ ಇವತ್ತಿಗೂ ಮುಖ್ಯ ಆರೈಕೆಯೆಂದರೆ ದೇಹದ ನೀರಿನಂಶ ಕಾಯುವುದು, ಮೂತ್ರಪಿಂಡದ ಮೇಲೆ ಕಣ್ಣಿಡುವುದು.