ತುಕ್ಕು ಹಿಡಿಯದ ಚೂರಿ ಹೇಳದ ಸತ್ಯ

ಪುತ್ತೂರಿನ ಸೋಮವಾರದ ಸಂತೆಗೆ ಬರುವ ಹಳ್ಳಿಯ ಹಿರಿಯರ ಬಳಿ ಎಲೆಯಡಿಕೆಯ ಸಂಚಿಯ ಜೊತೆಗೆ ಒಂದು ಮಡಚುವ ಚೂರಿಯೂ ಇರುವುದುಂಟು. ತುಳುವಿನಲ್ಲಿ ಅದು ಬೀಸತ್ತಿ. ಹವ್ಯಕರ ಮನೆಮಾತಿನಲ್ಲಿ ಪೀಶಕತ್ತಿ. ಅಡಿಕೆ ಹೋಳು ಮಾಡಲು, ಬಾಳೆಲೆ ಕೊಯ್ಯಲು, ಕಾಳುಮೆಣಸಿನ ಬಳ್ಳಿ ಕತ್ತರಿಸಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಗೇರು ಗಿಡಕ್ಕೆ ಕಸಿ ಕಟ್ಟಲು ಎಲ್ಲಕ್ಕೂ ಅದೊಂದೇ ಸಾಕಾಗುತ್ತಿತ್ತು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟಗಾರನಿಗೆ ಚೂರಿಯೆಂದರೆ ಆಯುಧವಲ್ಲ, ಆರನೆಯ ಬೆರಳು.

ಆ ಚೂರಿ ಈಗ ಬದಲಾಗಿದೆ. ಕಪ್ಪು ಅಲಗು, ಮರದ ಹಿಡಿ, ಹಿತ್ತಾಳೆಯ ಮೊಳೆಗಳ ಹಳೆಯ ಚೂರಿಯ ಜಾಗಕ್ಕೆ ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನ ಅಲಗು, ಬಣ್ಣದ ಪ್ಲಾಸ್ಟಿಕ್ಕಿನ ಹಿಡಿ ಬಂದಿವೆ. ಕಾಲ ಬದಲಾದಂತೆ ವಸ್ತುವೂ ಬದಲಾಗುವುದು ಸಹಜ, ಅದಕ್ಕಾಗಿ ಮರುಗಬೇಕಾಗಿಲ್ಲ. ಆದರೆ ಕೊಳ್ಳುವ ನಾವು ಹೊಳಪನ್ನು ನೋಡುತ್ತೇವೆಯೇ ಹೊರತು, ಅಲಗು ಯಾವ ಲೋಹದ್ದು, ಅದು ನಮ್ಮ ಯಾವ ಕೆಲಸಕ್ಕೆ ಒದಗುತ್ತದೆ ಎಂದು ಕೇಳುವುದಿಲ್ಲ. ಕೇಳದೆ ಇದ್ದುದರ ಬೆಲೆಯನ್ನು ಒಂದು ಮಳೆಗಾಲದಲ್ಲಿ ನಾನೇ ತೆತ್ತಿದ್ದೇನೆ.

ಅಡಿಕೆಗೆ ಮದ್ದು ಬಿಡುವ ದಿನ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಸಿದ್ಧವಾಗಿತ್ತು. ಸುಣ್ಣ ಹಿಂದಿನ ವರ್ಷದ್ದು. ಚೀಲದ ಬಾಯಿ ತೆರೆದೇ ಇತ್ತು. ವಾಡಿಕೆಯಂತೆ ಕಿಸೆಯ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡಿದೆ. ಅಲಗು ಮೊದಲಿನಂತೆಯೇ ಹೊಳೆಯುತ್ತಿತ್ತು. ಸರಿ ಎಂದುಕೊಂಡು ಮದ್ದು ಬಿಡಿಸಿದೆವು. ಕೆಲವು ದಿನಗಳಲ್ಲಿ ಎಳೆಯ ಕಾಯಿಗಳ ಮೇಲೆ ಸುಟ್ಟಂತಹ ಕಲೆಗಳು ಕಾಣಿಸಿಕೊಂಡವು, ಕಾಯಿ ಉದುರತೊಡಗಿತು. ಉಳಿದಿದ್ದ ಅದೇ ಸುಣ್ಣದಿಂದ ಮತ್ತೊಮ್ಮೆ ದ್ರಾವಣ ಮಾಡಿ ಲಿಟ್ಮಸ್ ಕಾಗದ ಅದ್ದಿದಾಗ ನೀಲಿ ಕಾಗದ ಕೆಂಪಾಯಿತು. ದ್ರಾವಣ ಹುಳಿಯಾಗಿತ್ತು. ಚೂರಿ ಮಾತ್ರ ಅದನ್ನು ಹೇಳಿರಲಿಲ್ಲ.

ಹೇಳದೆ ಇದ್ದುದಕ್ಕೆ ಕಾರಣವಿದೆ. ಮೈಲುತುತ್ತಿನ ಹುಳಿಯನ್ನು ಸುಣ್ಣ ಪೂರ್ತಿಯಾಗಿ ತಗ್ಗಿಸದಿದ್ದರೆ ತಾಮ್ರದ ಅಂಶ ನೀರಿನಲ್ಲಿ ಕರಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಅಂತಹ ದ್ರಾವಣದಲ್ಲಿ ಕಬ್ಬಿಣವನ್ನು ಅದ್ದಿದರೆ ಕಬ್ಬಿಣ ಕರಗಿ, ತಾಮ್ರ ಅದರ ಮೈಮೇಲೆ ಕೂರುತ್ತದೆ. ಉಜ್ಜಿ ಶುಚಿ ಮಾಡಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನಲ್ಲಿ ಕೆಂಪು ಛಾಯೆ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಫ್ರಾನ್ಸಿನಲ್ಲಿ 1885ರಲ್ಲಿ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಈ ಮದ್ದನ್ನು, ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಮದ್ದಿನ ಜೊತೆಗೆ ಈ ಚೂರಿಯ ಪರೀಕ್ಷೆಯೂ ತೋಟಕ್ಕೆ ಬಂದು, ಓದು ಬರಹ ಬಾರದ ಕೃಷಿಕನ ಪ್ರಯೋಗಶಾಲೆಯಾಯಿತು.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ರೂಪಿಸಿದ ಸ್ಟೇನ್‌ಲೆಸ್ ಉಕ್ಕಿನ ಗುಣ ಬೇರೆ. ಅದರಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಚೂರಿಯ ಅಲಗಿನಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು. ಈ ಕ್ರೋಮಿಯಂ ಗಾಳಿಯೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಕಟ್ಟುತ್ತದೆ. ಆ ಪೊರೆಯೇ ತುಕ್ಕನ್ನು ತಡೆಯುವುದು. ಅದೇ ಪೊರೆ ತಾಮ್ರಕ್ಕೂ ಅಡ್ಡ ನಿಲ್ಲಬಲ್ಲದು. ಆದ್ದರಿಂದ ಸ್ಟೇನ್‌ಲೆಸ್ ಚೂರಿ ಕೆಂಪಾಗಲಿಲ್ಲವೆಂದು ದ್ರಾವಣ ಸರಿಯಿದೆ ಎನ್ನುವಂತಿಲ್ಲ. ಯಾವ ಗುಣವನ್ನು ಮೆಚ್ಚಿ ಕೊಂಡೆವೋ ಆ ಗುಣವೇ ನಮ್ಮನ್ನು ಮೋಸಗೊಳಿಸುತ್ತದೆ.

ಹಾಗೆಂದು ಸ್ಟೇನ್‌ಲೆಸ್ಸನ್ನು ದೂರುವುದು ನ್ಯಾಯವಲ್ಲ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಒದ್ದೆ ಕಿಸೆಯಲ್ಲಿ ಒಂದು ರಾತ್ರಿ ಮರೆತರೆ ಕಬ್ಬಿಣದ ಅಲಗು ಕೆಂಪು ಮಣ್ಣಿನ ಬಣ್ಣ ತಾಳುತ್ತದೆ. ಹಸಿ ಅಡಿಕೆ, ಬಾಳೆಕಾಯಿಗಳ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿದೊಡನೆ ಅಲಗೂ ಕಪ್ಪು, ಕೊಯ್ದ ಹೋಳೂ ಕಪ್ಪು. ಹಿಂದೆ ಅಳಲೆಕಾಯಿಗೆ ಕಬ್ಬಿಣದ ಅಂಶ ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಹಣ್ಣು ಕೊಯ್ಯಲು, ಅಡುಗೆಮನೆಯ ಕೆಲಸಕ್ಕೆ ತುಕ್ಕು ಹಿಡಿಯದ ಅಲಗೇ ಮೇಲು. ಸ್ವಿಟ್ಜರ್ಲೆಂಡಿನ ಹೆಸರಾಂತ ಚೂರಿ ತಯಾರಕರು 1921ರಲ್ಲಿ ಈ ಉಕ್ಕಿಗೆ ಬದಲಾದಾಗ, ಅದರ ಹೆಸರಾದ ‘ಇನಾಕ್ಸ್’ ಅನ್ನು ಸಂಸ್ಥಾಪಕರ ತಾಯಿ ವಿಕ್ಟೋರಿಯಾ ಅವರ ಹೆಸರಿಗೆ ಜೋಡಿಸಿ ‘ವಿಕ್ಟೋರಿನಾಕ್ಸ್’ ಎಂದು ಕರೆದುಕೊಂಡರು. ಆದರೆ 1890ರಿಂದ ಮರದ ಹಿಡಿಯ ಚೂರಿ ಮಾಡುತ್ತಿರುವ ಫ್ರಾನ್ಸಿನ ಒಪಿನೆಲ್ ಸಂಸ್ಥೆ ಇಂದಿಗೂ ಎರಡು ಬಗೆಯ ಅಲಗುಗಳನ್ನೂ ಮಾರುತ್ತದೆ. ಯಾವುದು ಯಾವ ಕೆಲಸಕ್ಕೆ ಎಂಬ ತೀರ್ಮಾನ ಕೊಳ್ಳುವವನದು. ಆ ತೀರ್ಮಾನವೇ ನಮ್ಮಲ್ಲಿ ಕಾಣೆಯಾಗಿರುವುದು.

ಕಸಿಯ ವಿಚಾರದಲ್ಲಿ ಈ ತೀರ್ಮಾನಕ್ಕೆ ಇನ್ನಷ್ಟು ಬೆಲೆಯಿದೆ. ಸುಳ್ಯದ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ಬರಿದು ಮಾಡಿದ ಮೇಲೆ ಅಡಿಕೆಯೊಂದನ್ನೇ ನಂಬಿದ್ದವರು ಕಾಳುಮೆಣಸು, ಜಾಯಿಕಾಯಿ, ಹಲಸಿನಂತಹ ಬೆಳೆಗಳತ್ತ ತಿರುಗಿದ್ದಾರೆ. ಹಿಪ್ಪಲಿಯ ಮೇಲೆ ಮೆಣಸಿನ ಕಸಿ ಕಟ್ಟುವುದು ಮನೆಮನೆಯ ಕೆಲಸವಾಗಿದೆ. ಪುತ್ತೂರಿನ ಮೊಟ್ಟೆತಡ್ಕದ ಗೇರು ಸಂಶೋಧನಾ ಕೇಂದ್ರದಿಂದ ಹಬ್ಬಿದ ಮೃದುಕಾಂಡ ಕಸಿ ಈಗ ಸಣ್ಣ ನರ್ಸರಿಗಳಲ್ಲೂ ನಡೆಯುತ್ತದೆ. ಕಸಿಯ ಗುಟ್ಟೆಲ್ಲ ಕೊಯ್ತದಲ್ಲಿದೆ. ಕಡ್ಡಿಯನ್ನು ಒಂದೇ ಎಳೆತದಲ್ಲಿ ಸಮತಟ್ಟಾಗಿ ಕೊಯ್ದರೆ ಮಾತ್ರ ತೊಗಟೆಯೊಳಗಿನ ಬೆಳೆಯುವ ಪದರಗಳು ಒಂದಕ್ಕೊಂದು ಹೊಂದಿ ಕೂಡಿಕೊಳ್ಳುತ್ತವೆ. ಮೊಂಡು ಅಲಗು ಕೊಯ್ಯುವುದಿಲ್ಲ, ಜಜ್ಜುತ್ತದೆ; ಜಜ್ಜಿದ ಜಾಗ ಒಣಗಿ ಕಸಿ ಸಾಯುತ್ತದೆ. ಆದ್ದರಿಂದಲೇ ಕಸಿ ಚೂರಿಯ ಅಲಗನ್ನು ಸಾಮಾನ್ಯವಾಗಿ ಒಂದೇ ಬದಿಯಿಂದ ಮಸೆದಿರುತ್ತಾರೆ. ಎಡಗೈಯವರಿಗೆ ಇನ್ನೊಂದು ಬದಿ ಮಸೆದದ್ದು ಬೇಕು. ಇಂಗಾಲ ಹೆಚ್ಚಿರುವ ಸಾದಾ ಉಕ್ಕು ಮನೆಯ ಕಲ್ಲಿನಲ್ಲೇ ಬೇಗ ಹರಿತವಾಗುತ್ತದೆ. ಒಳ್ಳೆಯ ಸ್ಟೇನ್‌ಲೆಸ್ಸೂ ಹರಿತವನ್ನು ಹಿಡಿದಿಡುತ್ತದೆ, ಆದರೆ ಅದಕ್ಕೆ ಬೆಲೆ ಹೆಚ್ಚು. ಅಗ್ಗದ ಸ್ಟೇನ್‌ಲೆಸ್ಸಿನಲ್ಲಿ ಉಳಿಯುವುದು ಹೊಳಪೊಂದೇ.

ಮುರಿದ ಚೂರಿಯ ಗತಿಯೂ ಲೋಹವನ್ನೇ ಅವಲಂಬಿಸಿದೆ. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಬಡಿಯುವ ನಮ್ಮೂರಿನ ಆಚಾರ್ರ ಬಳಿಗೆ ನನ್ನ ಹೊಳೆಯುವ ಚೂರಿಯನ್ನು ಒಯ್ದಿದ್ದೆ. “ಆಚಾರ್ರೇ, ಇದರ ತುದಿ ಮುರಿದಿದೆ, ಸ್ವಲ್ಪ ಕಾಯಿಸಿ ಸರಿ ಮಾಡಿ ಕೊಡಿ” ಎಂದೆ. ಅವರು ತಿರುಗಿಸಿ ನೋಡಿ, “ಇದು ನನ್ನ ಬೆಂಕಿಗೆ ಬಗ್ಗುವ ಜಾತಿಯಲ್ಲ, ಉಜ್ಜಿ ಕೊಡುತ್ತೇನೆ, ಅಷ್ಟೆ” ಎಂದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಸಾದಾ ಉಕ್ಕಿಗೆ ಸುಮಾರು 800 ಡಿಗ್ರಿ ಶಾಖ ಸಾಕು. ಗೆರಟೆಯ ಮಸಿಯ ಕುಲುಮೆಯಲ್ಲಿ ಬಣ್ಣ ನೋಡಿಯೇ ಹದ ತಿಳಿಯಬಹುದು. ಸ್ಟೇನ್‌ಲೆಸ್ಸಿಗೆ ಸಾವಿರ ಡಿಗ್ರಿ ದಾಟಬೇಕು, ಅದೂ ಅಳತೆ ತಪ್ಪದೆ. ಅದು ಕಾರ್ಖಾನೆಯ ಕೆಲಸ. ಕುಲುಮೆಗಳು ಒಂದೊಂದಾಗಿ ಆರುತ್ತಿರುವುದಕ್ಕೆ ಬೇರೆ ಕಾರಣಗಳೂ ಇವೆ. ನಮ್ಮ ಕಿಸೆಯ ಆಯ್ಕೆಯೂ ಅವುಗಳಲ್ಲೊಂದು ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಹಿಡಿ. ಅಲಗಿನಷ್ಟೇ ಮುಖ್ಯವಾದರೂ ನಾವು ಅದನ್ನು ಬಣ್ಣದಿಂದ ಮಾತ್ರ ಅಳೆಯುತ್ತೇವೆ. ಬೀಟೆಯಂತಹ ಗಟ್ಟಿ ಮರ ಒದ್ದೆ ಕೈಗೂ ಹಿಡಿತ ಕೊಡುತ್ತದೆ, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಮರದ ಹಿಡಿ ಆಷಾಢದಲ್ಲಿ ಉಬ್ಬಿ, ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಜಿಂಕೆ, ಕಡವೆಗಳ ಕೊಂಬಿನ ಹಿಡಿಗಳನ್ನು ಹಳೆಯ ಮನೆಗಳಲ್ಲಿ ಕಾಣಬಹುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ನಂತರ ಆ ವ್ಯಾಪಾರ ಅಪರಾಧ, ಅದು ಆಗಬೇಕಾದದ್ದೇ. ಎಮ್ಮೆಯ ಕೊಂಬು ಬಾಳಿಕೆ ಬರುತ್ತದಾದರೂ ಮೂಲೆಯಲ್ಲಿಟ್ಟು ಮರೆತರೆ ಹುಳ ತಿನ್ನುತ್ತದೆ. ಪ್ಲಾಸ್ಟಿಕ್ ನೀರು ಕುಡಿಯದು, ಆದರೆ ನುಣುಪಾಗಿದ್ದರೆ ಅಡಿಕೆಯ ಲೋಳೆ ಮೆತ್ತಿದ ಕೈಯಿಂದ ಜಾರುತ್ತದೆ. ಜಾರಿದ ಚೂರಿ ಕೊಯ್ಯುವುದು ಬೆರಳನ್ನು. ಪ್ಲಾಸ್ಟಿಕ್ಕೇ ಬೇಕೆಂದರೆ ಗೀರು ಹಾಕಿದ್ದನ್ನು ಆರಿಸಬೇಕು. ಯಾವ ಹಿಡಿಯಾದರೂ ಮೊಳೆಗಳು ಹಿತ್ತಾಳೆಯವಾಗಿದ್ದರೆ ಮೊದಲ ಮಳೆಗೇ ತುಕ್ಕು ಹಿಡಿದು ಸಡಿಲವಾಗುವ ಭಯವಿಲ್ಲ. ಮರದ ಹಿಡಿಗೆ ತೆಂಗಿನೆಣ್ಣೆ ಸವರಿದರೆ ಸಾಕು. ಗೇರುಬೀಜದ ಸಿಪ್ಪೆಯ ಎಣ್ಣೆ ಪಕಾಸಿಗೆ ಒಳ್ಳೆಯದು, ಹಿಡಿಗೆ ಬಳಿದರೆ ಅಂಗೈ ಸುಡುತ್ತದೆ.

ಹೀಗಿರುವಾಗ ಮಾಡಬೇಕಾದದ್ದೇನು? ಎರಡು ಚೂರಿ ಇಟ್ಟುಕೊಳ್ಳುವುದು ದುಂದುವೆಚ್ಚವಲ್ಲ. ಹಣ್ಣಿಗೆ, ಅಡುಗೆಗೆ, ಮಳೆಯಲ್ಲಿ ತಿರುಗಾಟಕ್ಕೆ ಹೊಳೆಯುವುದು ಇರಲಿ. ತೋಟದ ಕೆಲಸಕ್ಕೆ, ಕಸಿಗೆ, ಮದ್ದಿನ ಪರೀಕ್ಷೆಗೆ ಕಪ್ಪಾಗುವುದು ಇರಲಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಸ್ಟೇನ್‌ಲೆಸ್ಸನ್ನು ಗುರುತಿಸಬಹುದೆಂಬ ನಂಬಿಕೆ ತಪ್ಪು. ಚೂರಿಗೆ ಬಳಸುವ ಸ್ಟೇನ್‌ಲೆಸ್ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುತ್ತದೆ. ಮನೆಗೆ ತಂದು ಒಂದು ಬಾಳೆಕಾಯಿ ಕೊಯ್ದು ನೋಡಿದರೆ ಅಲಗೇ ತನ್ನ ಜಾತಿಯನ್ನು ಹೇಳುತ್ತದೆ. ಕಬ್ಬಿಣದ ಚೂರಿ ಇಲ್ಲದವರು ಮದ್ದು ಬಿಡುವ ಮುನ್ನ ಲಿಟ್ಮಸ್ ಕಾಗದವನ್ನಾದರೂ ತರಿಸಿಕೊಳ್ಳಬೇಕು. ಕೆಲವೇ ರೂಪಾಯಿಗಳ ಆ ಕಾಗದ ಒಂದು ವರ್ಷದ ಫಸಲನ್ನು ಕಾಯಬಲ್ಲದು.

ಅಪ್ಪ ಬಳಸುತ್ತಿದ್ದ ಚೂರಿಯನ್ನು ಅಟ್ಟದಿಂದ ಇಳಿಸಿ ಈಗ ಮತ್ತೆ ಮಸೆದಿಟ್ಟಿದ್ದೇನೆ. ಅಲಗು ಸವೆದು ಅರ್ಧವಾಗಿದೆ, ಮೈಯೆಲ್ಲ ಕಪ್ಪು. ಕಳೆದ ಮಳೆಗಾಲದಲ್ಲಿ ಅದನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಮಸೆದ ಅಂಚಿನಲ್ಲಿ ತೆಳುವಾಗಿ ಕೆಂಪು ಮೂಡಿತು. ಇನ್ನೆರಡು ಬೊಗಸೆ ಸುಣ್ಣ ಹಾಕಿಸಿದೆ.