ದಿನ ಕಳೆದರೆ ಚಟ ಕಳೆಯದು

ದಾವಣಗೆರೆ–ಹರಿಹರದ ನಡುವಿನ ಬಾತಿಯಂಥ ಹೆದ್ದಾರಿ ಊರುಗಳಲ್ಲಿ ಬೀಡಾ ಅಂಗಡಿಯ ಮುಂದೆ ಬಣ್ಣದ ಚೀಟಿಗಳ ಮಾಲೆ ತೂಗುವುದು ಮಾಮೂಲು. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬೆರೆಯುವುದು ಬಾಯಲ್ಲಿ. ಅಡಿಕೆಯ ಅರಿಕೋಲಿನ್, ತಂಬಾಕಿನ ನಿಕೋಟಿನ್ ಎರಡೂ ಉತ್ತೇಜಕಗಳೇ. ಎರಡು ತಿಂಗಳು ಬಿಟ್ಟಿದ್ದವರು ಆ ಮಾಲೆ ಕಂಡು ಮತ್ತೆ ಕೈಚಾಚಿದರೆ ‘ಮನಸ್ಸು ಗಟ್ಟಿಯಿಲ್ಲ’ ಎಂದುಬಿಡುತ್ತೇವೆ. ಈ ತೀರ್ಪು ಅನ್ಯಾಯದ್ದು. ಏಕೆಂದು ಇಲಿಗಳ ಮೇಲಿನ ಪ್ರಯೋಗಗಳು ಹೇಳುತ್ತವೆ.

ಅಮೆರಿಕದ ವಿಜ್ಞಾನಿಗಳಾದ ಜೆಫ್ರಿ ಗ್ರಿಮ್, ಯಾವಿನ್ ಶಹಾಮ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸನ್ನೆಕೋಲು ಒತ್ತಿ ಕೊಕೇನ್ ಪಡೆಯಲು ಕಲಿತ ಇಲಿಗಳಿಗೆ ಅದನ್ನು ನಿಲ್ಲಿಸಲಾಯಿತು. ಕೊಕೇನ್ ಜೊತೆ ಬರುತ್ತಿದ್ದ ಬೆಳಕು, ಸದ್ದನ್ನು ಆಮೇಲೆ ಒಡ್ಡಿದಾಗ, ಬಿಟ್ಟ ಮರುದಿನಕ್ಕಿಂತ 60ನೇ ದಿನ ಅವು ಹೆಚ್ಚು ಹಟದಿಂದ ಸನ್ನೆ ಒತ್ತಿದವು. ಆಸೆ ಆರಲಿಲ್ಲ, ಬಲಿಯಿತು. ಈ ಅವಧಿಯಲ್ಲಿ ಮಿದುಳಿನ ಪ್ರತಿಫಲ ಜಾಲದಲ್ಲಿ ಬಿಡಿಎನ್‌ಎಫ್ ಎಂಬ ಪ್ರೋಟೀನು ಏರುತ್ತಾ ಹೋಗುವುದು 2003ರಲ್ಲಿ ತಿಳಿಯಿತು. ಹೊರಗೆ ಶಾಂತವಾಗಿ ಕಂಡ ಇಲಿಯ ಮಿದುಳು ಒಳಗೇ ಬದಲಾಗುತ್ತಿತ್ತು. ಅದೇ ವರ್ಷ ಟೆಕ್ಸಾಸ್‌ನ ಡೇವಿಡ್ ಸೆಲ್ಫ್ ತಂಡ ಇನ್ನೂ ಮುಖ್ಯವಾದುದನ್ನು ತೋರಿಸಿತು. ಎಷ್ಟು ಒತ್ತಿದರೂ ಏನೂ ಸಿಗದ ಸನ್ನೆಯ ಮುಂದೆ ಇಲಿಗಳನ್ನು ಮತ್ತೆ ಮತ್ತೆ ಬಿಟ್ಟಾಗ, ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಮಿದುಳಿನ ಭಾಗದಲ್ಲಿ ಗ್ಲುಟಮೇಟ್ ಎಂಬ ನರವಾಹಕದ ಗ್ರಾಹಕ ಪ್ರೋಟೀನುಗಳು ಹೆಚ್ಚಿದವು. ಒತ್ತುವುದನ್ನು ಚೆನ್ನಾಗಿ ಬಿಟ್ಟ ಇಲಿಗಳಲ್ಲಿ ಜಿಎಲ್‌ಯುಆರ್1 ಎಂಬ ಅಂಥದೊಂದು ಪ್ರೋಟೀನು ಹೆಚ್ಚೇ ಇತ್ತು. ಹೀಗೆ ಒತ್ತುವುದನ್ನು ಬಿಡಲು ಕಲಿಯುವ ಹೊತ್ತಿನಲ್ಲಿ ಮಾತ್ರ ಅದನ್ನು ಕೃತಕವಾಗಿ ಏರಿಸಿದರೂ, ಮುಂದೆ ಒತ್ತಡ ಬಂದಾಗ ಮರಳಿ ಚಟಕ್ಕೆ ಬೀಳುವುದು ತಗ್ಗಿತು. ಸುಮ್ಮನೆ ಪಂಜರದಲ್ಲಿ ದಿನ ಕಳೆದ ಇಲಿಗಳಲ್ಲಿ ಈ ಪ್ರೋಟೀನುಗಳು ಹೆಚ್ಚಲಿಲ್ಲ.

ಇಲಿ ಮನುಷ್ಯನಲ್ಲ, ಕೊಕೇನ್ ಅಡಿಕೆಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಧೂಮಪಾನ ಬಿಟ್ಟವರನ್ನು 35 ದಿನ ಗಮನಿಸಿದ 2011ರ ಅಧ್ಯಯನದಲ್ಲೂ ಸಿಗರೇಟಿನ ಸೂಚನೆ ಕಂಡಾಗಿನ ಆಸೆ ಕೆಲವು ಅಳತೆಗಳಲ್ಲಿ ಏರಿತ್ತು. ಎಲ್ಲವನ್ನೂ ಪ್ರೋಟೀನಿನ ಮೇಲೆ ಹೊರಿಸಿದರೆ ಚಟಗಾರನಿಗೆ ನೆಪ ಸಿಕ್ಕಂತಲ್ಲವೇ ಎಂದೂ ಕೇಳಬಹುದು. ಇಲ್ಲ, ಕಲಿಕೆಯೇ ಪ್ರೋಟೀನನ್ನು ಬದಲಿಸಿತೆಂಬುದು ಸೆಲ್ಫ್ ಪ್ರಯೋಗದ ತಿರುಳು. ಕಷ್ಟವೆಂದರೆ, ಇಂಥ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಳ್ಳುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಗೆದ್ದವರು ಅಂಗಡಿಯ ಮುಂದೆ ಸೋಲಬಹುದು. ಅದಕ್ಕೇ ಬಿಟ್ಟ ಮೊದಲ ವಾರದಲ್ಲಷ್ಟೇ ಅಲ್ಲ, ಎರಡನೇ, ಮೂರನೇ ತಿಂಗಳಲ್ಲೂ ಮನೆಯವರ, ಸಲಹೆಗಾರರ ಬೆಂಬಲ ಬೇಕು. ತಂಬಾಕು ಬಿಡಲು ನೆರವು ನೀಡುವ ಉಚಿತ ದೂರವಾಣಿ 1800-11-2356. ಬಿಡುವ ದಿನವಷ್ಟೇ ಅಲ್ಲ, ಬಿಟ್ಟು ತಿಂಗಳುಗಳಾದ ಮೇಲೂ ಕರೆ ಮಾಡಿ.